ಏಳಡಿ ಗೆರೆಯ ಹಿಂದೆ: ಪಿಕಲ್‌ಬಾಲ್ ಡಬಲ್ಸ್‌ನಲ್ಲಿ ನಿಲ್ಲುವ ಕ್ರಮ ಬೆಳೆದು ಬಂದ ಬಗೆ

ನೆಟ್‌ನ ಎರಡು ಬದಿಗಳಲ್ಲಿ ಇಬ್ಬಿಬ್ಬರು ನಿಂತು ಆಡುವ ಡಬಲ್ಸ್ ಆಟಗಳಲ್ಲಿ ಹೊಡೆತದ ಬಿರುಸಿಗಿಂತ, ಆ ಹೊಡೆತದ ಹೊತ್ತಿಗೆ ಆಟಗಾರರೂ ಅವರ ಜೊತೆಗಾರರೂ ಅಂಕಣದಲ್ಲಿ ಎಲ್ಲಿ ನಿಂತಿದ್ದರು ಎಂಬುದೇ ಬಹುಪಾಲು ಅಂಕಗಳನ್ನು ನಿರ್ಧರಿಸುತ್ತದೆ. ಈ ನಿಲ್ಲುವ ಕ್ರಮವು ಆಟದೊಡನೆಯೇ ಹುಟ್ಟಿಬರುವುದಿಲ್ಲ. ನಿಯಮಗಳು ಬದಲಾದಂತೆ, ಬ್ಯಾಟು ಚೆಂಡುಗಳು ಬದಲಾದಂತೆ, ಆಡುವವರ ವಯಸ್ಸು ಮತ್ತು ಹಿನ್ನೆಲೆಗಳು ಬದಲಾದಂತೆ ಅದೂ ನಿಧಾನವಾಗಿ ರೂಪುಗೊಳ್ಳುತ್ತದೆ. ಟೆನಿಸ್ ಮತ್ತು ಬ್ಯಾಡ್ಮಿಂಟನ್‌ಗಳಲ್ಲಿ ಈ ಬೆಳವಣಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಷ್ಟು ಹಿಂದಕ್ಕೆ ಹೋಗುತ್ತದೆ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದ ಪಿಕಲ್‌ಬಾಲ್ ಮಾತ್ರ ಇನ್ನೂ ಎಳೆಯ ಆಟವಾಗಿರುವುದರಿಂದ, ಅದರಲ್ಲಿ ಇಬ್ಬರು ಜೊತೆಗಾರರು ಎಲ್ಲಿ ನಿಲ್ಲಬೇಕೆಂಬ ತಿಳಿವಳಿಕೆ ಯಾವ ನಿಯಮದಿಂದ ಹುಟ್ಟಿ ಯಾರ ಕೈಯಲ್ಲಿ ಬೆಳೆಯಿತು ಎಂಬುದನ್ನು ಬುಡದಿಂದಲೇ ಗುರುತಿಸಲು ಸಾಧ್ಯವಿದೆ.

ಈ ಬಗೆಯ ಎಲ್ಲ ಆಟಗಳಿಗೂ ಸಮಾನವಾದ ತೊಡಕೊಂದಿದೆ. ನೆಟ್‌ಗೆ ಹತ್ತಿರ ನಿಂತವರಿಗೆ ವಾಲಿ ಹೊಡೆಯುವ, ಅಂದರೆ ಚೆಂಡು ನೆಲ ಮುಟ್ಟುವ ಮೊದಲೇ ಅದನ್ನು ಗಾಳಿಯಲ್ಲಿ ಬಾರಿಸುವ ಅವಕಾಶವಿರುತ್ತದೆ. ಹಾಗೆ ಬಾರಿಸಿದ ಚೆಂಡು ಎದುರಾಳಿಯ ಕಾಲಬುಡಕ್ಕೆ ಬೀಳುವಷ್ಟು ಕಡಿದಾದ ಕೋನದಲ್ಲಿ ಇಳಿಯುತ್ತದೆ. 1877ರ ಮೊದಲ ವಿಂಬಲ್ಡನ್ ಪಂದ್ಯಾವಳಿಯನ್ನು ಸ್ಪೆನ್ಸರ್ ಗೋರ್ ಗೆದ್ದದ್ದು ಹೀಗೆ ನೆಟ್‌ಗೆ ನುಗ್ಗಿ ವಾಲಿ ಹೊಡೆಯುವ ಮೂಲಕ. ಮರುವರ್ಷ ಫ್ರಾಂಕ್ ಹ್ಯಾಡೋ ಅವನನ್ನು ಸೋಲಿಸಿದ್ದು ಲಾಬ್‌ನಿಂದ, ಅಂದರೆ ಮುಂದೆ ನಿಂತವನ ತಲೆಯ ಮೇಲಿನಿಂದ ಹಾರಿಸಿ ಹಿಂದಕ್ಕೆ ಬೀಳಿಸುವ ಹೊಡೆತದಿಂದ. ಮುಂದಿನ ಕೆಲವು ವರ್ಷಗಳಲ್ಲಿ ಟೆನಿಸ್‌ನ ನೆಟ್ ಹಂತಹಂತವಾಗಿ ತಗ್ಗಿ, 1882ರ ವೇಳೆಗೆ ಕಂಬಗಳ ಬಳಿ ಮೂರೂವರೆ ಅಡಿ, ನಡುವೆ ಮೂರು ಅಡಿ ಎಂಬ ಇಂದಿನ ಅಳತೆಗೆ ಬಂದು ನಿಂತಿತು. ಹಿಂದೆ ನಿಂತವರೂ ಮುಂದಿನವರ ಪಕ್ಕದಿಂದ ಚೆಂಡನ್ನು ರಭಸವಾಗಿ ದಾಟಿಸಲು ಇದರಿಂದ ಅನುವಾಯಿತು. ಅದೇ ದಶಕದಲ್ಲಿ ವಿಲಿಯಂ ಮತ್ತು ಅರ್ನೆಸ್ಟ್ ರೆನ್‌ಷಾ ಎಂಬ ಅವಳಿ ಸಹೋದರರು ಡಬಲ್ಸ್‌ನಲ್ಲಿ ಮುನ್ನುಗ್ಗಿ ವಾಲಿ ಹೊಡೆಯುವ ಆಟಕ್ಕೆ ಹೆಸರಾದರು. 1884ರಲ್ಲಿ ಪುರುಷರ ಡಬಲ್ಸ್ ಮೊದಲ ಬಾರಿಗೆ ವಿಂಬಲ್ಡನ್‌ಗೆ ಬಂದಾಗ ಗೆದ್ದವರೂ ಅವರೇ. ಟೆನಿಸ್ ಹೀಗೆ ನೆಟ್‌ನ ಎತ್ತರವನ್ನೂ ಲಾಬ್ ಹೊಡೆತವನ್ನೂ ನೆಚ್ಚಿ ಸಮತೋಲ ಸಾಧಿಸಿತೇ ಹೊರತು, ನೆಟ್ ಬಳಿ ನಿಲ್ಲುವುದನ್ನು ನಿಷೇಧಿಸಲಿಲ್ಲ.

ಬ್ಯಾಡ್ಮಿಂಟನ್‌ನ ದಾರಿ ಬೇರೆ. ಬ್ರಿಟಿಷ್ ಸೇನಾಧಿಕಾರಿಗಳು ಭಾರತದ ಪುಣೆಯಂತಹ ದಂಡುಪ್ರದೇಶಗಳಲ್ಲಿ ಆಡಿ, ನಿಯಮ ಕಟ್ಟಿ, 1870ರ ದಶಕದಲ್ಲಿ ಇಂಗ್ಲೆಂಡಿಗೆ ಒಯ್ದ ಈ ಆಟದಲ್ಲಿ ನೆಟ್ ಐದು ಅಡಿ ಎತ್ತರದಲ್ಲಿರುವುದರಿಂದಲೂ, ಶಟಲ್ ನೆಲಕ್ಕೆ ಬಿದ್ದರೆ ಅಂಕವೇ ಮುಗಿಯುವುದರಿಂದಲೂ ವಾಲಿ ಅಲ್ಲದ ಹೊಡೆತಕ್ಕೆ ಅಲ್ಲಿ ಎಡೆಯೇ ಇಲ್ಲ. ಡಬಲ್ಸ್ ಜೋಡಿ ರಕ್ಷಣೆಯಲ್ಲಿದ್ದಾಗ ಅಕ್ಕಪಕ್ಕ, ಆಕ್ರಮಣದಲ್ಲಿದ್ದಾಗ ಒಬ್ಬರ ಹಿಂದೊಬ್ಬರು, ಒಂದರಿಂದ ಇನ್ನೊಂದಕ್ಕೆ ಜಾರುವಾಗ ಸುತ್ತು ಹಾಕಿಕೊಂಡು ಚಲಿಸಬೇಕು ಎಂಬ ಕ್ರಮ ಅಲ್ಲಿ ನೆಲೆಗೊಂಡಿತು. ಪಿಕಲ್‌ಬಾಲ್‌ನ ಇತಿಹಾಸಕ್ಕೆ ಈ ಎರಡೂ ಪರಂಪರೆಗಳು ಬೇಕು. ಏಕೆಂದರೆ ಅದು ಅಂಕಣವನ್ನೂ ಅಂಕ ಎಣಿಸುವ ಪದ್ಧತಿಯನ್ನೂ ಬ್ಯಾಡ್ಮಿಂಟನ್‌ನಿಂದ ಪಡೆದರೆ, ನೆಟ್‌ನ ಎತ್ತರದಲ್ಲಿಯೂ ಚೆಂಡಿನ ಪುಟಿತದಲ್ಲಿಯೂ ಟೆನಿಸ್‌ಗೆ ಹತ್ತಿರವಾಯಿತು. ಎರಡನ್ನೂ ಒಂದೇ ಅಂಕಣದಲ್ಲಿ ಕೂಡಿಸಿದಾಗ ಹುಟ್ಟಿದ ಸಮಸ್ಯೆಗೆ ಎರಡರಲ್ಲಿಯೂ ಸಿದ್ಧ ಉತ್ತರವಿರಲಿಲ್ಲ.

ಆ ಕೂಡಿಕೆ ನಡೆದದ್ದು ಸಿಯಾಟಲ್ ನಗರಕ್ಕೆ ಎದುರಾಗಿ ಕಡಲ ನಡುವೆ ಇರುವ ಬೇನ್‌ಬ್ರಿಜ್ ದ್ವೀಪದಲ್ಲಿ. ಆಗ ವಾಷಿಂಗ್ಟನ್ ರಾಜ್ಯದ ಶಾಸಕರಾಗಿದ್ದ, ಮುಂದೆ ಅಮೆರಿಕದ ಕಾಂಗ್ರೆಸ್ ಸದಸ್ಯರೂ ರಾಜ್ಯದ ಉಪ ಗವರ್ನರರೂ ಆದ ಜೋಯಲ್ ಪ್ರಿಚರ್ಡ್ ಮತ್ತು ಅವರ ಗೆಳೆಯ ಬಿಲ್ ಬೆಲ್, 1965ರ ಬೇಸಿಗೆಯಲ್ಲಿ ಹೊತ್ತು ಹೋಗದೆ ಬೇಸತ್ತಿದ್ದ ಮನೆಮಂದಿಗಾಗಿ ಪ್ರಿಚರ್ಡ್‌ರ ಮನೆಯ ಹಳೆಯ ಬ್ಯಾಡ್ಮಿಂಟನ್ ಅಂಕಣದಲ್ಲಿ ಏನಾದರೂ ಆಡಿಸೋಣವೆಂದು ಹೊರಟರು. ಸರಿಯಾದ ಬ್ಯಾಡ್ಮಿಂಟನ್ ಸಾಮಗ್ರಿ ಸಿಗದೆ, ಟೇಬಲ್ ಟೆನಿಸ್ ಬ್ಯಾಟುಗಳನ್ನೂ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನೂ ಬಳಸಿದರು. ಮೊದಲು ನೆಟ್ ಬ್ಯಾಡ್ಮಿಂಟನ್‌ನ ಅರವತ್ತು ಅಂಗುಲದ ಎತ್ತರದಲ್ಲಿಯೇ ಇತ್ತು. ಡಾಂಬರು ನೆಲದ ಮೇಲೆ ಚೆಂಡು ಚೆನ್ನಾಗಿ ಪುಟಿಯುತ್ತದೆಂದು ತಿಳಿದ ಮೇಲೆ ಅದನ್ನು ಮೂವತ್ತಾರು ಅಂಗುಲಕ್ಕೆ ಇಳಿಸಿದರು. ಸ್ವಲ್ಪ ದಿನಗಳಲ್ಲಿ ಜೊತೆಗೂಡಿದ ಬಾರ್ನಿ ಮೆಕಲಮ್ ಪ್ಲೈವುಡ್ ಕತ್ತರಿಸಿ ದೊಡ್ಡ ಬ್ಯಾಟುಗಳನ್ನು, ಅಂದರೆ ಇಂದು ಪ್ಯಾಡಲ್ ಎಂದು ಕರೆಯುವ ಸಾಧನವನ್ನು, ತಯಾರಿಸಿದರು. ಮೂವರೂ ಕೂಡಿ ನಿಯಮಗಳನ್ನು ಕಟ್ಟುವಾಗ ಬ್ಯಾಡ್ಮಿಂಟನ್ ನಿಯಮಗಳನ್ನೇ ಬಹುಮಟ್ಟಿಗೆ ಆಧಾರವಾಗಿಟ್ಟುಕೊಂಡರೂ, ಮಕ್ಕಳಿಂದ ಹಿರಿಯರವರೆಗೆ ಮನೆಯವರೆಲ್ಲ ಒಟ್ಟಿಗೆ ಆಡುವಂತಿರಬೇಕೆಂಬ ಮೊದಲ ಉದ್ದೇಶವನ್ನು ಬಿಟ್ಟುಕೊಡಲಿಲ್ಲ.

ನೆಟ್‌ ಇಳಿದದ್ದೇ ನೆಟ್ ಬಳಿ ನಿಂತವರ ಮೇಲುಗೈ ವಿಪರೀತವಾಗುವ ಸ್ಥಿತಿ ಬಂತು. ಟೆನಿಸ್ ಅಂಕಣ ಡಬಲ್ಸ್‌ನಲ್ಲಿ 78 ಅಡಿ ಉದ್ದ, 36 ಅಡಿ ಅಗಲ. ಬ್ಯಾಡ್ಮಿಂಟನ್‌ನಿಂದ ಬಂದ ಪಿಕಲ್‌ಬಾಲ್ ಅಂಕಣ 44 ಅಡಿ ಉದ್ದ, 20 ಅಡಿ ಅಗಲ. ಟೆನಿಸ್‌ನಲ್ಲಿ ಒಬ್ಬೊಬ್ಬ ಆಟಗಾರನ ಪಾಲಿಗೆ ಸುಮಾರು 700 ಚದರ ಅಡಿ ನೆಲ ಬಂದರೆ ಇಲ್ಲಿ ಬರುವುದು 220 ಚದರ ಅಡಿ ಮಾತ್ರ. ಇಷ್ಟು ಕಿರಿದಾದ ಜಾಗದಲ್ಲಿ ಎತ್ತರದ ಆಳೊಬ್ಬ ನೆಟ್‌ಗೆ ಒತ್ತಿ ನಿಂತು ಕೈಚಾಚಿದರೆ ಅವನನ್ನು ದಾಟಿಸಿ ಚೆಂಡು ಹೊಡೆಯುವುದು ಮಕ್ಕಳಿಗಂತೂ ಆಗದ ಮಾತು. ಹಿತ್ತಲಿನ ಆಟಗಾರರು ಕಂಡುಕೊಂಡ ಪರಿಹಾರ ಸರಳವಾಗಿತ್ತು: ಬ್ಯಾಡ್ಮಿಂಟನ್ ಅಂಕಣದಲ್ಲಿ ನೆಟ್‌ನಿಂದ ಆರೂವರೆ ಅಡಿ ದೂರದಲ್ಲಿ ಆಗಲೇ ಇದ್ದ ಸರ್ವ್ ಗೆರೆಯನ್ನು ಗಡಿಯಾಗಿ ಮಾಡಿ, ಅದರೊಳಗೆ ನಿಂತು ವಾಲಿ ಹೊಡೆಯಕೂಡದೆಂದು ವಿಧಿಸಿದರು. ಆ ಅಂತರ ಮುಂದೆ ಏಳು ಅಡಿಗೆ ಬೆಳೆಯಿತು. ವಾಲಿ ನಿಷೇಧಿತ ವಲಯವೆಂಬ ಅಧಿಕೃತ ಹೆಸರಿದ್ದರೂ ಆಟಗಾರರೆಲ್ಲರ ಬಾಯಲ್ಲಿ ಅದು ಕಿಚನ್. ನೆಲಕ್ಕೆ ಬಿದ್ದು ಪುಟಿದ ಚೆಂಡನ್ನು ಹೊಡೆಯಲು ಕಿಚನ್‌ನೊಳಗೆ ಯಾವಾಗ ಬೇಕಾದರೂ ಹೋಗಬಹುದು. ವಾಲಿಗೆ ಮಾತ್ರ ಅದು ನಿಷಿದ್ಧ. ಗೆರೆಯೂ ವಲಯದ ಭಾಗವೇ ಆದ್ದರಿಂದ ಬೆರಳ ತುದಿ ತಗುಲಿದರೂ ಫೌಲ್; ವಾಲಿ ಹೊಡೆದ ರಭಸಕ್ಕೆ ಮುಗ್ಗರಿಸಿ ಒಳಗೆ ಕಾಲಿಟ್ಟರೂ ಫೌಲ್, ಅಷ್ಟರಲ್ಲಿ ಚೆಂಡು ಎದುರಾಳಿಯ ಬದಿಯಲ್ಲಿ ಬಿದ್ದು ಸತ್ತಿದ್ದರೂ ವಿನಾಯಿತಿಯಿಲ್ಲ.

ಇದಕ್ಕೆ ಕೂಡಿಬಂದ ಇನ್ನೊಂದು ನಿಯಮವೇ ಎರಡು ಪುಟಿತದ ನಿಯಮ. ಸರ್ವ್ ಆದ ಚೆಂಡು ಎದುರಾಳಿಯ ಬದಿಯಲ್ಲಿ ಒಮ್ಮೆ ಪುಟಿದ ಮೇಲೆಯೇ ಅದನ್ನು ಮರಳಿಸಬೇಕು. ಮರಳಿ ಬಂದ ಚೆಂಡು ಸರ್ವ್ ಮಾಡಿದವರ ಬದಿಯಲ್ಲಿಯೂ ಒಮ್ಮೆ ಪುಟಿಯಬೇಕು. ಅಲ್ಲಿಂದ ಮುಂದೆ ವಾಲಿ ಮುಕ್ತ. ಕಾಗದದ ಮೇಲೆ ಸಣ್ಣದೆನಿಸುವ ಈ ಕಟ್ಟುಪಾಡು ಡಬಲ್ಸ್‌ನ ಇಡೀ ಚಿತ್ರವನ್ನು ತಲೆಕೆಳಗು ಮಾಡಿತು. ಟೆನಿಸ್‌ನಲ್ಲಿ ಸರ್ವ್ ಮಾಡುವುದು ಆಯುಧ ಕೈಗೆ ಬಂದಂತೆ. ಸರ್ವ್ ಮಾಡುವವನ ಜೊತೆಗಾರ ಮೊದಲೇ ನೆಟ್ ಬಳಿ ಹೊಂಚಿ ನಿಂತಿರುತ್ತಾನೆ. ಪಿಕಲ್‌ಬಾಲ್‌ನಲ್ಲಿ ಹಾಗೆ ಮುಂದೆ ನಿಂತ ಜೊತೆಗಾರನ ಕಾಲಬುಡಕ್ಕೆ ಚೆಂಡನ್ನು ಮರಳಿಸಿದರೆ ಅವನು ವಾಲಿ ಹೊಡೆಯುವಂತಿಲ್ಲ, ಅದು ಪುಟಿಯುವವರೆಗೆ ಹಿಂದೆ ಸರಿಯಲು ವ್ಯವಧಾನವೂ ಇಲ್ಲ. ಆದ್ದರಿಂದ ಸರ್ವ್ ಮಾಡುವ ಬದಿಯ ಇಬ್ಬರೂ ಅಂಕಣದ ಕೊನೆಯ ಗೆರೆಯಾದ ಬೇಸ್‌ಲೈನ್ ಬಳಿಯೇ ಕಾಯಬೇಕು; ಸರ್ವ್ ಎದುರಿಸುವ ಬದಿಯಲ್ಲಿ ಮಾತ್ರ ಒಬ್ಬರು ಮೊದಲೇ ಕಿಚನ್ ಗೆರೆಯ ಬಳಿ ನಿಂತು, ಇನ್ನೊಬ್ಬರು ಚೆಂಡನ್ನು ಆಳವಾಗಿ ಮರಳಿಸಿದ ಕೂಡಲೇ ಓಡಿಬಂದು ಅವರ ಪಕ್ಕ ಸೇರಿಕೊಳ್ಳಬಹುದು. ಮುಂದಿನ ಆಯಕಟ್ಟಿನ ಜಾಗ ಹೀಗೆ ಸರ್ವ್ ಎದುರಿಸುವವರಿಗೆ ದಕ್ಕುತ್ತದೆ. ಅಂಕ ಗಳಿಸುವ ಹಕ್ಕು ಮಾತ್ರ, ಹಳೆಯ ಬ್ಯಾಡ್ಮಿಂಟನ್‌ನಲ್ಲಿದ್ದಂತೆ, ಸರ್ವ್ ಮಾಡುವ ಬದಿಗಷ್ಟೇ ಉಂಟು. ಒಂದು ಬದಿಗೆ ಜಾಗ, ಇನ್ನೊಂದಕ್ಕೆ ಅಂಕದ ಹಕ್ಕು ಎಂಬ ಈ ಹಂಚಿಕೆಯನ್ನು ಹಿತ್ತಲಿನ ಮೂವರು ಲೆಕ್ಕ ಹಾಕಿ ಮಾಡಿದರೆಂದು ಹೇಳುವುದು ಅತಿಯಾದೀತು. ಆದರೆ ಮುಂದಿನ ಅರವತ್ತು ವರ್ಷಗಳ ತಂತ್ರವೆಲ್ಲ ಅದರ ಸುತ್ತಲೇ ಬೆಳೆಯಿತು.

ಆರಂಭದ ಹಂತದಲ್ಲಿ ಈ ನಿಯಮಗಳ ಒಳಗುಟ್ಟು ಆಟಗಾರರಿಗೆ ಪೂರ್ತಿಯಾಗಿ ಹೊಳೆದಿರಲು ಸಾಧ್ಯವಿಲ್ಲ. 1967ರಲ್ಲಿ ಪ್ರಿಚರ್ಡ್‌ರ ನೆರೆಮನೆಯ ಹಿತ್ತಲಿನಲ್ಲಿ ಮೊದಲ ಶಾಶ್ವತ ಅಂಕಣ ನಿರ್ಮಾಣವಾಯಿತು. 1972ರಲ್ಲಿ ಆಟದ ಸಾಮಗ್ರಿಗಳಿಗಾಗಿ ಒಂದು ಕಂಪನಿ ಹುಟ್ಟಿತು. 1976ರಲ್ಲಿ ವಾಷಿಂಗ್ಟನ್ ರಾಜ್ಯದ ಟಕ್ವಿಲಾ ಎಂಬಲ್ಲಿ, ದಾಖಲೆಗೆ ಸಿಕ್ಕಿರುವ ಮಟ್ಟಿಗೆ ಮೊದಲನೆಯದಾದ ಪಂದ್ಯಾವಳಿ ನಡೆಯಿತು. ಅದರಲ್ಲಿ ಆಡಿದವರಲ್ಲಿ ಅನೇಕರು ಪಿಕಲ್‌ಬಾಲ್ ಬಗ್ಗೆ ಹೆಚ್ಚೇನೂ ತಿಳಿಯದ ಕಾಲೇಜು ಟೆನಿಸ್ ಆಟಗಾರರು. ಪುರುಷರ ಸಿಂಗಲ್ಸ್‌ನಲ್ಲಿ ಮೊದಲೆರಡು ಸ್ಥಾನ ಪಡೆದ ಡೇವಿಡ್ ಲೆಸ್ಟರ್ ಮತ್ತು ಸ್ಟೀವ್ ಪ್ಯಾರಾಂಟೊ ಅಭ್ಯಾಸ ಮಾಡಿದ್ದೂ ದೊಡ್ಡ ಮರದ ಪ್ಯಾಡಲ್ ಮತ್ತು ಸಾಫ್ಟ್‌ಬಾಲ್ ಗಾತ್ರದ ಪ್ಲಾಸ್ಟಿಕ್ ಚೆಂಡಿನಿಂದ. ಭಾರವಾದ ಮರದ ಹಲಗೆಯನ್ನು ಹಿಡಿದು ಹದಿನಾಲ್ಕು ಅಡಿ ದೂರದ ಎದುರಾಳಿಯೊಡನೆ ಕ್ಷಣಕ್ಷಣಕ್ಕೂ ವಾಲಿ ವಿನಿಮಯ ನಡೆಸುವುದು ಸುಲಭವಲ್ಲ. ಸ್ಟೀವ್‌ರ ತಂದೆ, ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪ್ಯಾರಾಂಟೊ, ವಿಮಾನದ ನೆಲಹಾಸಿಗೆ ಬಳಸುತ್ತಿದ್ದ ಜೇನುಹುಟ್ಟಿನ ರಚನೆಯ ಹಗುರ ಫಲಕಗಳಿಂದ 1984ರಲ್ಲಿ ಹೊಸ ಪ್ಯಾಡಲ್ ತಯಾರಿಸಿದ್ದು ಸಾಮಾನ್ಯವಾಗಿ ಸಾಮಗ್ರಿಯ ಇತಿಹಾಸದಲ್ಲಿ ಮಾತ್ರ ಉಲ್ಲೇಖವಾಗುತ್ತದೆ. ನಿಲ್ಲುವ ಜಾಗದ ಇತಿಹಾಸದಲ್ಲಿಯೂ ಅದಕ್ಕೊಂದು ಪಾಲು ಸಲ್ಲಬೇಕು, ಏಕೆಂದರೆ ಕೈ ಹಗುರವಾದಷ್ಟೂ ಗೆರೆಯ ಬಳಿ ನಿಂತು ತಾಳುವ ಧೈರ್ಯ ಹೆಚ್ಚುತ್ತದೆ. ಆಟಕ್ಕೆ ರಾಷ್ಟ್ರಮಟ್ಟದ ಸಂಘವೂ ಮೊದಲ ಅಧಿಕೃತ ನಿಯಮಪುಸ್ತಕವೂ ಬಂದದ್ದು ಅದೇ ವರ್ಷ.

ಆದರೆ ಡಬಲ್ಸ್ ನಿಲುವಿನ ಬಗೆಗಿನ ತಿಳಿವಳಿಕೆ ಹದಗೊಂಡ ಜಾಗ ಪಂದ್ಯಾವಳಿಗಳ ಅಂಕಣವಲ್ಲ, ಬಿಡುವಿನ ವೇಳೆಯಲ್ಲಿ ಆಡುವವರ ಅಂಕಣ ಎಂದು ಹೇಳಲು ಕಾರಣಗಳಿವೆ. ಚಳಿಗಾಲ ಕಳೆಯಲು ಅರಿಜೋನಾದಂತಹ ಬಿಸಿಲುನಾಡಿಗೆ ಇಳಿದುಬರುವ ನಿವೃತ್ತರು ತಂಗುವ ವಸತಿ ಬಡಾವಣೆಗಳಲ್ಲಿ ಆಟ ಬೇರೂರಿತು. 2001ರಲ್ಲಿ ಅರಿಜೋನಾದ ಹಿರಿಯರ ಒಲಿಂಪಿಕ್ಸ್‌ಗೆ ಪಿಕಲ್‌ಬಾಲ್ ಸೇರಿದ್ದು ಸರ್‌ಪ್ರೈಸ್ ಎಂಬ ಊರಿನ ಅಂತಹದೊಂದು ಬಡಾವಣೆಯಲ್ಲಿಯೇ. 2009ರಲ್ಲಿ ಪುನರ್ರಚಿತ ರಾಷ್ಟ್ರೀಯ ಸಂಘ ತನ್ನ ಮೊದಲ ರಾಷ್ಟ್ರೀಯ ಪಂದ್ಯಾವಳಿಯನ್ನು ನಡೆಸಿದ್ದೂ ಅದೇ ರಾಜ್ಯದ ಬಕೈ ಊರಿನಲ್ಲಿ. ಅರವತ್ತು ದಾಟಿದವರು ಚೆಂಡಿನ ಹಿಂದೆ ಓಡುವ ಬದಲು ಚೆಂಡು ಬರುವೆಡೆ ಮೊದಲೇ ನಿಲ್ಲುವುದನ್ನು ಕಲಿಯದೆ ಬೇರೆ ದಾರಿಯಿರಲಿಲ್ಲ. ಇದರೊಡನೆ, ಮುಕ್ತ ಆಟವೆಂಬ ರೂಢಿಯೂ ಬೆಳೆಯಿತು: ಬಂದವರು ತಮ್ಮ ಪ್ಯಾಡಲ್ಲನ್ನು ಅಂಕಣದ ಬದಿಯ ಚೌಕಟ್ಟಿನಲ್ಲಿ ಸರದಿಗೆ ಇಡುತ್ತಾರೆ, ಆಟ ಮುಗಿದ ನಾಲ್ವರು ಹೊರಬಂದಾಗ ಸಾಲಿನ ಮೊದಲ ನಾಲ್ಕು ಪ್ಯಾಡಲ್‌ಗಳ ಒಡೆಯರು ಒಳಹೋಗುತ್ತಾರೆ. ಹೆಸರೂ ಗೊತ್ತಿರದವರು ಹತ್ತು ಹದಿನೈದು ನಿಮಿಷಗಳ ಮಟ್ಟಿಗೆ ಜೊತೆಗಾರರಾಗುವ ಈ ವ್ಯವಸ್ಥೆಯಲ್ಲಿ ಪ್ರತಿ ಜೋಡಿಯೂ ತನ್ನದೇ ತಂತ್ರ ಹೂಡಿಕೊಂಡು ಕೂರಲು ಆಗದು. ಎಲ್ಲರಿಗೂ ಮೊದಲೇ ಗೊತ್ತಿರುವ ಒಂದು ಸಾಮಾನ್ಯ ಕ್ರಮ ಬೇಕಾಯಿತು. ಇಬ್ಬರೂ ಕಿಚನ್ ಗೆರೆಗೆ ಬರುವುದು, ಇಬ್ಬರೂ ಒಟ್ಟಿಗೆ ಸರಿಯುವುದು, ನಡುವಿನ ಚೆಂಡಿಗೆ ಕೂಗಿ ಹೇಳುವುದು ಎಂಬ ಮೂರು ಮಾತಿನ ಕ್ರಮ ಹೀಗೆ ಊರೂರಿಗೆ ಹಬ್ಬಿತು. ಟೆನಿಸ್ ಕ್ಲಬ್ಬುಗಳಲ್ಲಿ ಗೊತ್ತಾದ ಜೋಡಿಗಳೇ ವರ್ಷಗಟ್ಟಲೆ ಆಡುವುದನ್ನು ನೆನೆದರೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ.

ಇಲ್ಲಿ ಸರಿಯುವುದೆಂದರೆ ಏನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೆರೆಗೆ ಒಂದೆರಡು ಅಂಗುಲ ಹಿಂದೆ, ಮೊಣಕಾಲು ತುಸು ಬಾಗಿಸಿ, ಪ್ಯಾಡಲ್ಲನ್ನು ಎದೆಯ ಮುಂದೆ ಎತ್ತಿ ಹಿಡಿದು ನಿಂತ ಜೋಡಿಯ ಎಡ ಮೂಲೆಗೆ ಚೆಂಡು ಬಂದರೆ, ಎಡಗಡೆಯವರು ಪಕ್ಕದ ಗೆರೆಯತ್ತ ಸರಿಯುವಾಗ ಬಲಗಡೆಯವರೂ ಅಷ್ಟೇ ಅಳತೆಯಲ್ಲಿ ನಡುವಿನತ್ತ ಸರಿಯಬೇಕು. ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಅವರ ನಡುವಣ ಅಂತರ ಕೂಡದೆ ಬಿಚ್ಚದೆ ಉಳಿಯಬೇಕು. ಹೀಗೆ ಸರಿದಾಗ ಬಲ ತುದಿಯ ಒಂದಿಷ್ಟು ನೆಲ ಬರಿದಾಗುವುದು ನಿಜವೇ. ಆದರೆ ತಮ್ಮ ಎದುರಿನ ಎಡ ಮೂಲೆಯಲ್ಲಿ ಸಿಕ್ಕಿಕೊಂಡ ಚೆಂಡನ್ನು ಎದುರಾಳಿಗಳು ಆ ದೂರದ ತುದಿಗೆ ಕಳಿಸಲು ಬೇಕಾದ ಕೋನ ಅತ್ಯಂತ ಕಷ್ಟದ್ದು, ನಡುವೆ ಬಿರುಕು ಬಿಟ್ಟರೆ ಅದರಲ್ಲಿ ನುಗ್ಗಿಸುವುದು ಅತ್ಯಂತ ಸುಲಭದ್ದು. ಆದ್ದರಿಂದ ಬಿಡಲೇಬೇಕಾದ ಜಾಗವನ್ನು ಆರಿಸಿಕೊಂಡು ಬಿಡುವುದೇ ಈ ತಂತ್ರದ ತಿರುಳು. ತರಬೇತುದಾರರು ಇದನ್ನು ರೂಢಿ ಮಾಡಿಸಲು ಇಬ್ಬರ ಸೊಂಟಕ್ಕೂ ನಿಜವಾದ ಹಗ್ಗವೊಂದನ್ನು ಕಟ್ಟಿ ಆಡಿಸುವುದುಂಟು. ಹಗ್ಗ ಬಿಗಿಯಾದರೆ ಒಬ್ಬರು ತಡಮಾಡಿದ್ದಾರೆಂದು, ನೆಲಕ್ಕೆ ಜೋತರೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ನುಗ್ಗಿದ್ದಾರೆಂದು ಹೇಳದೆಯೇ ತಿಳಿಯುತ್ತದೆ.

ಮುಂದಿನ ಜಾಗ ಹಿಡಿದವರನ್ನು ಎದುರಿಸಿ ಹಿಂದಿನವರು ಮುಂದೆ ಬರುವುದು ಹೇಗೆ ಎಂಬ ಪ್ರಶ್ನೆಗೆ ಹುಟ್ಟಿದ ಉತ್ತರವೇ ಥರ್ಡ್ ಶಾಟ್ ಡ್ರಾಪ್. ಸರ್ವ್ ಮೊದಲ ಹೊಡೆತ, ಅದನ್ನು ಮರಳಿಸುವುದು ಎರಡನೆಯದು. ಮೂರನೆಯದನ್ನು ಸರ್ವ್ ಮಾಡಿದ ಬದಿಯವರು ಬೇಸ್‌ಲೈನ್‌ನಿಂದ ಮೆಲ್ಲಗೆ ಕಮಾನಿನಂತೆ ಎತ್ತಿ ಎದುರಿನ ಕಿಚನ್‌ನೊಳಗೆ ಬೀಳಿಸುತ್ತಾರೆ. ಚೆಂಡು ಗೆರೆಯ ಬಳಿ ತಲುಪುವಷ್ಟರಲ್ಲಿ ನೆಟ್‌ನ ಎತ್ತರಕ್ಕಿಂತ ಕೆಳಗಿಳಿದಿರುವುದರಿಂದ ಅದನ್ನು ಕೆಳಮುಖವಾಗಿ ಬಡಿಯಲು ಆಗದು, ಮೇಲೆತ್ತಿ ಆಡಲೇಬೇಕು. ಆ ಬಿಡುವಿನಲ್ಲಿ ಹಿಂದಿನ ಜೋಡಿ ಮುಂದಕ್ಕೆ ನಡೆದುಬಂದು ತನ್ನ ಕಿಚನ್ ಗೆರೆಯನ್ನು ಸೇರಿಕೊಳ್ಳುತ್ತದೆ. ಆಮೇಲೆ ನಾಲ್ವರೂ ಗೆರೆಗಳ ಹಿಂದೆ ಎದುರುಬದುರು ನಿಂತು, ಚೆಂಡನ್ನು ಕಿಚನ್‌ನಿಂದ ಕಿಚನ್‌ಗೆ ಮೆಲ್ಲಗೆ ದಾಟಿಸುತ್ತಾ, ಯಾರಾದರೊಬ್ಬರು ಅದನ್ನು ತುಸು ಎತ್ತರಕ್ಕೆ ಬಿಡುವುದನ್ನೇ ಕಾಯುವ ತಾಳ್ಮೆಯ ಆಟ ಶುರುವಾಗುತ್ತದೆ. ಆ ಮೆಲುಹೊಡೆತದ ಹೆಸರು ಡಿಂಕ್. ನೋಡುವವರಿಗೆ ಇದು ಹೊಡೆದಾಟಕ್ಕೆ ಹೆದರಿದವರ ಆಟದಂತೆ ಕಾಣುವುದು ಸಹಜ. ಬಿರುಸು ಹೊಡೆತದವರೂ ಮೆಲುಹೊಡೆತದವರೂ ಒಬ್ಬರನ್ನೊಬ್ಬರು ಹಗುರವಾಗಿ ಕಾಣುವ ಪರಿಪಾಠ ಇಂದಿಗೂ ನಿಂತಿಲ್ಲ. ಬೇಸ್‌ಲೈನ್‌ಗೂ ಕಿಚನ್ ಗೆರೆಗೂ ನಡುವಿನ ಹದಿನೈದು ಅಡಿಯೇ ಕಲಿಯುವವರಿಗೆ ಅಪಾಯದ ನೆಲ: ಅಲ್ಲಿ ಓಡುತ್ತಿರುವಾಗ ಕಾಲಬುಡಕ್ಕೆ ಬಂದ ಚೆಂಡು ಬಹುತೇಕ ಸೋತ ಚೆಂಡು. ಎದುರಾಳಿಯ ಪ್ಯಾಡಲ್ ಚೆಂಡನ್ನು ತಾಗುವ ಕ್ಷಣದಲ್ಲಿ ಎಲ್ಲಿದ್ದರೆ ಅಲ್ಲಿಯೇ ಎರಡೂ ಪಾದ ಊರಿ ನಿಲ್ಲಬೇಕು, ಒಂದೇ ಓಟದಲ್ಲಿ ಗೆರೆ ಮುಟ್ಟುವ ಹಟ ಬೇಡ ಎಂಬುದು ಅಲ್ಲಿಂದ ಬಂದ ಪಾಠ.

ಮುಂದಿನ ಜಾಗಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಆಟಗಾರರೇ ಅಳೆದುಕೊಂಡ ಬಗೆಯನ್ನು ಒಂದು ಅಭ್ಯಾಸಕ್ರಮದಲ್ಲಿ ಕಾಣಬಹುದು. ಏಳು-ಹನ್ನೊಂದು ಎಂದು ಕರೆಯುವ ಈ ಅಭ್ಯಾಸದಲ್ಲಿ ಒಬ್ಬರು ಕಿಚನ್ ಗೆರೆಯಲ್ಲಿಯೂ ಮತ್ತೊಬ್ಬರು ಬೇಸ್‌ಲೈನ್‌ನಲ್ಲಿಯೂ ನಿಂತು ಅರ್ಧ ಅಂಕಣದಲ್ಲಿ ಆಡುತ್ತಾರೆ. ಹಿಂದಿನವರು ಏಳು ಅಂಕ ಮುಟ್ಟಿದರೆ ಗೆಲುವು, ಮುಂದಿನವರು ಗೆಲ್ಲಲು ಹನ್ನೊಂದು ಮುಟ್ಟಬೇಕು. ಪುಸ್ತಕದ ನಿಯಮವಲ್ಲದ, ಅಭ್ಯಾಸದ ಅಂಕಣದಲ್ಲಿಯೇ ರೂಢಿಗೆ ಬಂದ ಈ ಅಸಮಾನ ಲೆಕ್ಕವು ಗೆರೆಯ ಬೆಲೆಯನ್ನು ಯಾವ ವಿವರಣೆಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಅಂಕ ಎಣಿಸುವ ಪದ್ಧತಿಯೂ ನಿಲ್ಲುವ ಕ್ರಮವನ್ನು ತಿದ್ದಿತು. ಸರ್ವ್ ಮಾಡುವ ಜೋಡಿ ಅಂಕ ಗಳಿಸಿದಾಗಲೆಲ್ಲ ಅವರಿಬ್ಬರು ಎಡಬಲ ಅದಲುಬದಲಾಗಿ ಸರ್ವ್ ಮುಂದುವರಿಯುತ್ತದೆ. ಸರ್ವ್ ಇಬ್ಬರಿಗೂ ಒಬ್ಬರಾದ ಮೇಲೊಬ್ಬರಂತೆ ದಕ್ಕುತ್ತದೆ, ಆಟ ಆರಂಭಿಸುವ ಜೋಡಿಗೆ ಮಾತ್ರ ಮೊದಲ ಸರದಿಯಲ್ಲಿ ಒಬ್ಬರದೇ ಸರ್ವ್. ಇದೆಲ್ಲ ಹಳೆಯ ಬ್ಯಾಡ್ಮಿಂಟನ್ ಕಟ್ಟಳೆ. ಬ್ಯಾಡ್ಮಿಂಟನ್ 2006ರಲ್ಲಿ ಪ್ರತಿ ರ‍್ಯಾಲಿಗೂ ಅಂಕ ಕೊಡುವ 21 ಅಂಕಗಳ ಪದ್ಧತಿಗೆ ಬದಲಾಗಿ, ಎಡಬಲದ ಅದಲುಬದಲನ್ನು ಉಳಿಸಿಕೊಂಡರೂ, ಇಬ್ಬರಿಗೂ ಸರದಿಯಂತೆ ಸರ್ವ್ ಕೊಡುವ ಕಟ್ಟಳೆಯನ್ನು ಕೈಬಿಟ್ಟಿತು. ತಾಯಿಮನೆಯಲ್ಲಿ ಮರೆತುಹೋದ ಪದ್ಧತಿ ಹಿತ್ತಲಿನ ಆಟದಲ್ಲಿ ಉಳಿದುಕೊಂಡಿತು. ಅದಲುಬದಲಿನ ಪರಿಣಾಮವಾಗಿ ಪ್ರತಿಯೊಬ್ಬರೂ ಅರ್ಧ ಹೊತ್ತು ತಮಗೆ ಒಗ್ಗದ ಬದಿಯಲ್ಲಿ ನಿಲ್ಲಬೇಕಾಗುತ್ತದೆ. ಬಲಗೈ ಆಟಗಾರರಿಬ್ಬರಲ್ಲಿ ಎಡಬದಿಯವರ ಫೋರ್‌ಹ್ಯಾಂಡ್, ಅಂದರೆ ಅಂಗೈ ಮುಂದಾಗಿ ಹೊಡೆಯುವ ಬಲವಾದ ಹೊಡೆತ, ಅಂಕಣದ ನಡುವಿಗೆ ಬರುವುದರಿಂದ ಅವರೇ ನಡುವಿನ ಚೆಂಡುಗಳ ಹೊಣೆ ಹೊರುವುದು ವಾಡಿಕೆ. ಆದ್ದರಿಂದ ಬಲಿಷ್ಠ ಆಟಗಾರರನ್ನು ಸದಾ ಎಡಕ್ಕಿರಿಸುವ ಉಪಾಯವೊಂದು ಬಂತು. ಯಾರು ಸರ್ವ್ ಮಾಡಬೇಕು, ಯಾರು ಎದುರಿಸಬೇಕು ಎಂಬುದನ್ನು ನಿಯಮ ಹೇಳುತ್ತದೆಯೇ ಹೊರತು ಅವರ ಜೊತೆಗಾರರು ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವುದಿಲ್ಲ. ಈ ಮೌನವನ್ನು ಬಳಸಿಕೊಂಡು ಇಬ್ಬರೂ ಒಂದೇ ಬದಿಯಲ್ಲಿ ನಿಂತು, ಸರ್ವ್ ಆದ ಕೂಡಲೇ ತಮಗೆ ಬೇಕಾದ ಜಾಗಗಳಿಗೆ ಜಾರಿಕೊಳ್ಳುವ ಈ ಕ್ರಮಕ್ಕೆ ಸ್ಟ್ಯಾಕಿಂಗ್ ಎಂದು ಹೆಸರು. ಟೆನಿಸ್‌ನಲ್ಲಿ ಆಸ್ಟ್ರೇಲಿಯನ್ ವ್ಯೂಹವೆಂದು ಮೊದಲೇ ಪರಿಚಿತವಾಗಿದ್ದ ನಿಲುವಿನ ಹತ್ತಿರದ ನಂಟ ಇದು. ಜಾಗ ಬದಲಿಸಬೇಕೋ ಬೇಡವೋ ಎಂಬುದನ್ನು ಸನ್ನೆಯಿಂದ ತಿಳಿಸುವುದುಂಟು: ಮುಂದೆ ನಿಂತವರು ಬೆನ್ನ ಹಿಂದೆ ಕೈಮುಚ್ಚಿ ತೋರಿಸಿದರೆ ಒಂದು ಅರ್ಥ, ಬಿಚ್ಚಿ ತೋರಿಸಿದರೆ ಇನ್ನೊಂದು. ವೃತ್ತಿಪರರಲ್ಲಿ ಬೆನ್ ಜಾನ್ಸ್ ಎಡಬದಿಯನ್ನೂ ಅವರ ಅಣ್ಣ ಕಾಲಿನ್ ಜಾನ್ಸ್ ಬಲಬದಿಯನ್ನೂ ಹಿಡಿದು ಆಡಿದ್ದು ಈ ಶ್ರಮವಿಭಜನೆಯ ಪ್ರಸಿದ್ಧ ಮಾದರಿ: ಅಣ್ಣ ಚೆಂಡನ್ನು ತಣ್ಣಗೆ ತಡೆದು ಕೊಡುವುದು, ತಮ್ಮ ಮುಗಿಸುವುದು. ಇದನ್ನೇ ಮಿಶ್ರ ಡಬಲ್ಸ್‌ಗೆ ಒಯ್ದು, ಅಂಕಣದ ಮುಕ್ಕಾಲು ಪಾಲನ್ನು ಪುರುಷ ಆಟಗಾರನೇ ಆವರಿಸುವ ಪದ್ಧತಿ ವೃತ್ತಿಪರರಲ್ಲಿ ಬಹುಮಾನ ತಂದುಕೊಟ್ಟರೂ, ಸಂಜೆಯ ಬಿಡುವಿನ ಆಟಕ್ಕೆ ಅದು ತಂದದ್ದು ಹೆಚ್ಚಾಗಿ ಮನಸ್ತಾಪವನ್ನೇ.

ಕಿಚನ್ ನಿಯಮದ ಅಂಚಿನಲ್ಲಿಯೇ ಇನ್ನೊಂದು ನಿಲುವು ಹುಟ್ಟಿತು. ವಲಯದ ಮೇಲೆ ಹಾರಿಯೋ ಅದನ್ನು ಸುತ್ತುಬಳಸಿಯೋ ಅಂಕಣದ ಪಕ್ಕದ ಗೆರೆಯಿಂದಾಚೆಗೆ ಹೋಗಿ ನೆಲ ಮುಟ್ಟಿದರೆ, ನೆಟ್‌ಗೆ ಅಂಗೈಯಗಲದಷ್ಟು ಹತ್ತಿರದಿಂದಲೂ ವಾಲಿ ಹೊಡೆಯಬಹುದು. ಅಲ್ಲಿ ಕಿಚನ್ ಇಲ್ಲವಲ್ಲ! 2010ರ ಸುಮಾರಿಗೆ ಇದನ್ನು ಪಂದ್ಯಾವಳಿಗಳಲ್ಲಿ ಬಳಸಿದ ಅರ್ನಿ ಪೆರಿ ಎಂಬ ಆಟಗಾರನ ಹೆಸರಿನಿಂದ ಇದು ಅರ್ನಿ ಎಂದೇ ಪ್ರಸಿದ್ಧವಾಯಿತು. ಜೊತೆಗಾರರ ಮುಂದಿನಿಂದ ಹಾದು ಅವರ ಬದಿಯಲ್ಲಿ ಹೀಗೆ ಹೊಡೆದರೆ ಅದು ಬರ್ಟ್; ಬರ್ಟ್ ಮತ್ತು ಅರ್ನಿ ಅಮೆರಿಕದ ಮಕ್ಕಳ ಟಿ.ವಿ. ಕಾರ್ಯಕ್ರಮವೊಂದರ ಜೋಡಿ ಬೊಂಬೆಗಳು.

ಭಾರತಕ್ಕೆ ಆಟವನ್ನು ತಂದವರು ಕೆನಡಾದಲ್ಲಿ ಅದನ್ನು ಕಂಡಿದ್ದ ಮುಂಬೈನ ಸುನಿಲ್ ವಲಾವಲ್ಕರ್. ಅವರ ಪ್ರಯತ್ನದಿಂದ 2008ರಲ್ಲಿ ಅಖಿಲ ಭಾರತ ಪಿಕಲ್‌ಬಾಲ್ ಸಂಘ ಸ್ಥಾಪನೆಯಾಯಿತು. ದಶಕಕ್ಕೂ ಹೆಚ್ಚು ಕಾಲ ಕುಂಟುತ್ತಿದ್ದ ಆಟ ಕೋವಿಡ್ ನಂತರ ನಗರಗಳಲ್ಲಿ ಒಮ್ಮೆಲೇ ಹಬ್ಬಿತು; 2025ರ ಆರಂಭದಲ್ಲಿ ಮುಂಬೈನಲ್ಲಿ ನಡೆದ ವರ್ಲ್ಡ್ ಪಿಕಲ್‌ಬಾಲ್ ಲೀಗ್‌ನ ಮೊದಲ ಆವೃತ್ತಿಯನ್ನು ಬೆಂಗಳೂರು ಜವಾನ್ಸ್ ತಂಡ ಗೆದ್ದುಕೊಂಡಿತು. ಕರ್ನಾಟಕದಂತಹ, ಬ್ಯಾಡ್ಮಿಂಟನ್ ಬಹುಕಾಲದಿಂದ ಮನೆಮಾತಾಗಿರುವ ನಾಡಿನಲ್ಲಿ ಪಿಕಲ್‌ಬಾಲ್‌ಗೆ ಹೊಸ ನೆಲ ಹುಡುಕಬೇಕಾಗಿಲ್ಲ, ಅಂಕಣದ ಉದ್ದಗಲ ಒಂದೇ. ಅಪಾರ್ಟ್‌ಮೆಂಟಿನ ಬ್ಯಾಡ್ಮಿಂಟನ್ ಗೆರೆಗಳ ಮೇಲೆಯೇ ನೆಟ್ ಇಳಿಸಿಕೊಂಡು ಆಡಿದರೆ ಕಿಚನ್ ಮಾತ್ರ ಅರ್ಧ ಅಡಿ ಕಿರಿದಾಗುತ್ತದೆ.

ಆದರೆ ನೆಲ ಒಂದೇ ಆದರೂ ನಿಲುವು ಒಂದಲ್ಲ. ಬ್ಯಾಡ್ಮಿಂಟನ್‌ನಿಂದ ಬಂದವರ ಕೈಚುರುಕು ಕಿಚನ್ ಗೆರೆಯ ವಾಲಿಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ತೊಡಕಾಗುವುದು ಅವರ ಕಾಲುಗಳ ರೂಢಿ. ಎದುರಾಳಿ ಚೆಂಡನ್ನು ಎತ್ತರಕ್ಕೆ ಬಿಟ್ಟೊಡನೆ ಒಬ್ಬರು ಸ್ಮ್ಯಾಷ್‌ಗೆಂದು ಹಿಂದಕ್ಕೆ, ಇನ್ನೊಬ್ಬರು ನೆಟ್ ನಡುವಿಗೆ ತಾವಾಗಿಯೇ ಸರಿದು, ಒಬ್ಬರ ಹಿಂದೊಬ್ಬರು ನಿಲ್ಲುವ ಆಕ್ರಮಣದ ನಿಲುವಿಗೆ ಬಂದುಬಿಡುತ್ತಾರೆ. ಶಟಲ್‌ಗೆ ಪುಟಿತವಿಲ್ಲದಿರುವುದರಿಂದ ಅಲ್ಲಿ ಸ್ಮ್ಯಾಷನ್ನು ತಡೆದವರು ಅದನ್ನು ಮತ್ತೆ ಮೇಲೆತ್ತುವುದೇ ಹೆಚ್ಚು. ಇಲ್ಲಿಯಾದರೋ ರಭಸದ ಹೊಡೆತ ಪುಟಿದು ಎದುರಾಳಿಗೆ ಹೊತ್ತು ಕೊಡುತ್ತದೆ, ಅವರು ಅದನ್ನು ಮುಂದೆ ನಿಂತವರ ಪಕ್ಕದ ಬರಿದಾದ ನೆಲಕ್ಕೆ ಮೆಲ್ಲಗೆ ಇಳಿಸಿದರೆ ಹಿಂದಿನವರು ಓಡಿಬಂದು ಮುಟ್ಟುವುದು ದುಸ್ತರ. ಟೆನಿಸ್‌ನವರು ಮರೆಯಬೇಕಾದದ್ದು ಸರ್ವ್ ಹೊತ್ತಿಗೆ ಜೊತೆಗಾರರನ್ನು ಮುಂದೆ ನಿಲ್ಲಿಸುವ ಒಂದು ಅಭ್ಯಾಸವನ್ನು, ಎರಡು ಪುಟಿತದ ನಿಯಮವೇ ಅದನ್ನು ಮೊದಲ ದಿನವೇ ಬಿಡಿಸುತ್ತದೆ. ಬ್ಯಾಡ್ಮಿಂಟನ್‌ನವರ ಸುತ್ತುವ ಹೆಜ್ಜೆಯನ್ನು ಬಿಡಿಸಲು ಅಂತಹ ನಿಯಮವಿಲ್ಲ. ಅದು ತಪ್ಪೆಂದು ಯಾವ ರೆಫರಿಯೂ ಕೂಗುವುದಿಲ್ಲ, ಜೊತೆಗಾರರೇ ಹೇಳಬೇಕು, ಇಲ್ಲವೇ ಸೋತು ತಿಳಿಯಬೇಕು.